ಅರವತ್ತೆರಡು ಖಾಲಿ ಹೊಟ್ಟೆಗಳು

ಬೆಳಿಗ್ಗೆ ಆರಕ್ಕೆ ಬೆಳಗಾವಿ ತೇಗುತ್ತಿತ್ತು. ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ರಾತ್ರಿಯೆಲ್ಲ ಮುಚ್ಚಿಕೊಂಡಿದ್ದ ಮೂರು ಲಕ್ಷ ಹೊಟ್ಟೆಗಳು, ಜನ ಹಾಸಿಗೆ ಬಿಟ್ಟೆದ್ದ ಹತ್ತು ನಿಮಿಷಕ್ಕೆ ಬಾಯಿ ತೆರೆಯುತ್ತಿದ್ದವು. ವಾಕಿಂಗಿಗೆ ಹೋದರೆ ಎದುರಿಗೆ ಬಂದವರು ನಮಸ್ಕಾರ ಹೇಳುವ ಮೊದಲು ತೇಗುತ್ತಿದ್ದರು. ಹಾಲಿನ ಅಂಗಡಿಯ ಮುಂದೆ, ಮೊದಲನೇ ಬಸ್ಸಿನಲ್ಲಿ, ಬೆಳಗಿನ ಶಾಲೆಯ ಪ್ರಾರ್ಥನೆಯಲ್ಲಿ ಅದೇ ಸದ್ದು, ಅದೇ ವಾಸನೆ. ರಾತ್ರಿ ತಿಂದ ಬಿರಿಯಾನಿ, ಹಸಿ ಈರುಳ್ಳಿ, ಹುಳಿ ಹೊಡೆದ ಮಜ್ಜಿಗೆ. ಏಳು ಗಂಟೆಯವರೆಗೆ ಯಾರೂ ಕಿಟಕಿ ಮುಚ್ಚಬಾರದೆಂದು ಸಿಟಿ ಬಸ್ಸುಗಳಲ್ಲಿ ಬೋರ್ಡು ಹಾಕಿದ್ದರು. ನಾನು ಮೂಗಿಗೆ ಸೆರಗು ಹಿಡಿದುಕೊಂಡೇ ಕೆಲಸಕ್ಕೆ ಹೋಗುತ್ತಿದ್ದೆ. ಹೇಸಿಗೆಯಾಗುತ್ತಿತ್ತು. ಆ ಹೇಸಿಗೆಯನ್ನು ಊರಿಗೆ ಕೊಟ್ಟವಳು ನಾನೇ.

ನನ್ನ ಹೆಸರು ತ್ರಿಶಲಾ ಚೌಗುಲೆ. ರಾತ್ರಿಯ ಎದೆಯುರಿಯನ್ನು ನಿಲ್ಲಿಸುವ 'ಕದ' ನನ್ನ ಕೈಯಿಂದ ಆದದ್ದು. ಕಂಪನಿ ಅದಕ್ಕೆ 'ಸುಖಶಯನ' ಎಂದು ದೊಡ್ಡ ಹೆಸರಿಟ್ಟಿತ್ತು. ಜನ ಮಾತ್ರ ಕದ ಎಂದೇ ಕರೆದರು.

ಅದರ ಕೆಲಸ ಸರಳ. ಅನ್ನನಾಳ ಹೋಗಿ ಜಠರಕ್ಕೆ ಸೇರುವಲ್ಲಿ ಒಂದು ಸ್ನಾಯು ಬಿಗಿಯಾಗಿ ಕಾವಲಿರುತ್ತದೆ. ಅದು ಸಡಿಲವಾದವರು ರಾತ್ರಿ ಮಲಗಿದರೆ ಜಠರದ ಆಮ್ಲ ಮೇಲೆ ಹರಿದು ಬಂದು ಎದೆಯನ್ನು ಸುಡುತ್ತದೆ. ಅಲ್ಲಿಗೆ ನಾನು ಹದಿನಾಲ್ಕು ಆಯಸ್ಕಾಂತದ ಮಣಿಗಳ ಒಂದು ಬಳೆ ತೊಡಿಸಿದೆ. ಮನುಷ್ಯ ಅಡ್ಡಾದ ಕೂಡಲೇ ಮಣಿಗಳು ಒಂದನ್ನೊಂದು ಎಳೆದುಕೊಂಡು ದಾರಿ ಮುಚ್ಚುತ್ತವೆ. ಎದ್ದು ನಿಂತ ಹತ್ತು ನಿಮಿಷಕ್ಕೆ ಸಡಿಲವಾಗುತ್ತವೆ. ದಿಂಬಿನೊಳಗಿನ ಒಂದು ಚಿಕ್ಕ ಪೆಟ್ಟಿಗೆ ಬಳೆಯ ಸುದ್ದಿಯನ್ನು ನಮ್ಮ ನಿಯಂತ್ರಣ ಕೊಠಡಿಗೆ ಕಳಿಸುತ್ತದೆ, ಅಲ್ಲಿಂದ ಬಂದ ಅಪ್ಪಣೆಯನ್ನು ಬಳೆಗೂ ಮಾತನ್ನು ಮಲಗಿದವರ ಕಿವಿಗೂ ಮುಟ್ಟಿಸುತ್ತದೆ.

ಇದನ್ನು ಮಾಡಿದ್ದು ನನ್ನ ಅತ್ತೆ ಅಕ್ಕಾತಾಯಿಗಾಗಿ. ಅವರು ಮಂಚದ ತಲೆಯ ಕಡೆ ಇಟ್ಟಿಗೆ ಇಟ್ಟು ನೋಡಿದ್ದರು, ಎಡಮಗ್ಗುಲಲ್ಲೇ ಮಲಗಿ ನೋಡಿದ್ದರು, ಚಹಾ ಬಿಟ್ಟಿದ್ದರು, ಖಾರ ಬಿಟ್ಟಿದ್ದರು. ಗುಳಿಗೆ ನುಂಗಿದರೆ ಮೈಯೆಲ್ಲ ಗಂಧೆ ಏಳುತ್ತಿತ್ತು. ಕೊನೆಗೆ ಏಳು ವರ್ಷ ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡಿದರು. ಬಳೆ ಹಾಕಿಸಿದ ಮೊದಲ ರಾತ್ರಿ ಅವರು ಅಂಗಾತ ಮಲಗಿ ಗೊರಕೆ ಹೊಡೆದಾಗ ನಾನು ಬಾಗಿಲಲ್ಲಿ ನಿಂತು ಅತ್ತಿದ್ದೆ.

ಒಂದೇ ತೊಂದರೆ ಉಳಿದಿತ್ತು. ನಿದ್ದೆಯಲ್ಲಿ ಕೆಮ್ಮು ಬಂದರೆ ಕೆಳಗಿನ ಒತ್ತಡಕ್ಕೆ ಬಳೆ ಬಿಚ್ಚಿಕೊಳ್ಳುತ್ತಿತ್ತು. ಅದಕ್ಕೆ ನಾನು ಹೊಸ ಮಾದರಿಯಲ್ಲಿ ಒಂದು ನಿಯಮ ಸೇರಿಸಿದೆ: ಕೆಳಗಿನಿಂದ ಎಷ್ಟು ಒತ್ತಡ ಬರುತ್ತದೋ ಅಷ್ಟು ಬಿಗಿಯಾಗಬೇಕು. ಅತ್ತೆಗೂ ಅದನ್ನೇ ಹಾಕಿಸಿದೆ. ಪರೀಕ್ಷೆಗೆ ಜನ ಬೇಕಾದಾಗ ನಮ್ಮ ಬಸದಿಯಲ್ಲಿ ಚೀಟಿ ಅಂಟಿಸಿದೆ. ಎದೆಯುರಿಯಿದ್ದ ಅರವತ್ತೆರಡು ಜನ ಬಂದರು. ನನ್ನ ಚಿಕ್ಕಮ್ಮ, ನೆರೆಮನೆಯ ಕಾಕಾ, ಅತ್ತೆಯ ಗೆಳತಿಯರು. ಸುಳ್ಳು ಹೇಳುವವರಲ್ಲ, ಫಾರಂ ತಪ್ಪಿಸುವವರಲ್ಲ. ಒಂದು ವರ್ಷದಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಸರ್ಕಾರದ ಒಪ್ಪಿಗೆ ಸಿಕ್ಕಿತು. ನಾನು ಬೀಗಿದೆ, ಸುಳ್ಳೇಕೆ ಹೇಳಲಿ.

ಎದೆಯುರಿ ಇದ್ದವರು ಹಾಕಿಸಿಕೊಂಡಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕಂಪನಿಯ ಒಡೆಯ ಶಿರೋಳ ಸಾಹೇಬರು ಜಾಹೀರಾತು ಮಾಡಿಸಿದ್ದೇ ಬೇರೆ ಥರ. 'ಎಷ್ಟು ಹೊತ್ತಿಗೆ ಬೇಕಾದರೂ ಉಣ್ಣಿ, ಎಷ್ಟು ಬೇಕಾದರೂ ಉಣ್ಣಿ, ಉಂಡ ಕೂಡಲೇ ಮಲಗಿ.' ಎದೆ ಉರಿಯುವುದಿಲ್ಲ ಎಂದು ಗೊತ್ತಾದ ಮೇಲೆ ಜನರ ಬಾಯಿಗೆ ಲಂಗುಲಗಾಮು ಉಳಿಯಲಿಲ್ಲ. ಖಾನಾವಳಿಗಳು ರಾತ್ರಿ ಹತ್ತಕ್ಕೆ ಬಾಗಿಲು ತೆರೆದವು. 'ಕದದ ಥಾಲಿ' ಎಂದು ಒಂದು ಬಂತು. ಅದರಲ್ಲಿ ಎಣ್ಣೆ ತೇಲುವ ಎರಡು ಪಲ್ಯ, ಐದು ಪೂರಿ, ಮಿರ್ಚಿ, ಕುಂದಾ, ಮೇಲೊಂದು ಲೋಟ ಮಸಾಲೆ ಹಾಲು. ತಿಂದು ಅಲ್ಲೇ ಮಲಗಲು ಕೆಲವರು ಹಿಂದುಗಡೆ ಚಾಪೆ ಹಾಸಿಕೊಟ್ಟರು. ಮದುವೆಯ ಆರತಕ್ಷತೆಯ ಊಟ ಹನ್ನೊಂದಕ್ಕೆ ಶುರುವಾಗುವುದೇ ಪ್ರತಿಷ್ಠೆಯಾಯಿತು. ಉರಿ ಎಂಬುದು ಹೊಟ್ಟೆ ಸಾಕು ಎನ್ನುವ ರೀತಿ. ಅದರ ಬಾಯಿ ಕಟ್ಟಿದ ಮೇಲೆ ಸಾಕು ಅನ್ನಲು ಯಾರೂ ಇರಲಿಲ್ಲ.

ನನ್ನ ಮನೆಯಲ್ಲೇ ಇರಲಿಲ್ಲ.

ನನ್ನ ಗಂಡ ಧರಣೇಂದ್ರ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ನಲವತ್ತಾರು ವರ್ಷ. ಹುಟ್ಟಿದಾಗಿನಿಂದ ಸೂರ್ಯ ಮುಳುಗಿದ ಮೇಲೆ ಒಂದು ತುತ್ತು ಬಾಯಿಗಿಟ್ಟವನಲ್ಲ. ನಮ್ಮ ಜೈನ ಮನೆತನಗಳಲ್ಲಿ ಅದೇ ಪದ್ಧತಿ. ದೀಪ ಹಚ್ಚುವ ಹೊತ್ತಿಗೆ ಪಾತ್ರೆ ತೊಳೆದು ಒಲೆ ಒರೆಸಿ ಆಗಿರುತ್ತದೆ. ಅವನಿಗೆ ಎದೆಯುರಿ ಎಂದರೇನೆಂದೇ ಗೊತ್ತಿರಲಿಲ್ಲ. ಆದರೂ ಒಂದು ದಿನ ಹೋಗಿ ಕದ ಹಾಕಿಸಿಕೊಂಡು ಬಂದ.

"ನಿಮಗ್ಯಾಕ ಬೇಕಾಗಿತ್ತು?" ಎಂದು ಕೇಳಿದೆ.

"ಹೆಂಡ್ತಿ ಮಾಡಿದ್ದನ್ನ ಗಂಡನಽ ಹಾಕ್ಕೊಳ್ಳಿಲ್ಲಂದ್ರ ಮಂದಿ ಏನಂದಾರು?" ಎಂದು ನಕ್ಕ.

ಮೊದಲು ವಾರಕ್ಕೊಮ್ಮೆ ಗೆಳೆಯರ ಜೊತೆ ಹೊರಗೆ ಉಂಡು ಬಂದ. ಆಮೇಲೆ ದಿನಾ. ಸಂಜೆ ತಾಯಿಯ ಮುಂದೆ ಕುಳಿತು ಎರಡು ಭಕ್ಕರಿ ಮುರಿಯುತ್ತಿದ್ದ, ಹತ್ತೂವರೆಗೆ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದ. ಬಂದು ಪಕ್ಕದಲ್ಲಿ ಮಲಗಿದರೆ ಅವನ ಹೊಟ್ಟೆಯೊಳಗಿನ ಗುಳುಗುಳು ನನಗೆ ಕೇಳಿಸುತ್ತಿತ್ತು. ಮುಚ್ಚಿದ ಕೊಡದಲ್ಲಿ ಕೊಳೆತದ್ದು ಕುದಿಯುವಂಥ ಸದ್ದು. ಬೆಳಿಗ್ಗೆ ಎದ್ದು ನಿಂತು, ಗೋಡೆಗೆ ಕೈ ಊರಿ, ಆರು ಸಲ, ಏಳು ಸಲ ತೇಗುತ್ತಿದ್ದ. ಕೊನೆಯ ತೇಗಿಗೆ 'ಹಾ' ಎಂದು ಸುಖಪಡುತ್ತಿದ್ದ. ಛೀ! ಇಪ್ಪತ್ತು ವರ್ಷ ಜೊತೆಗೆ ಬಾಳಿದ ಮನುಷ್ಯನ ಬಾಯಿ ನೋಡಿದರೆ ನನಗೆ ವಾಕರಿಕೆ ಬರುತ್ತಿತ್ತು. ನಾನು ಹಾಸಿಗೆಯನ್ನು ಅತ್ತೆಯ ಕೋಣೆಗೆ ಹಾಕಿಕೊಂಡೆ.

"ಅವನಿಗೆ ಏನರ ಹೇಳ ಯವ್ವಾ," ಎಂದರು ಅತ್ತೆ. "ಹೊಟ್ಟಿ ಡೊಳ್ಳು ಆಗೇತಿ."

"ನಾ ಹೇಳಿದ್ರ ಕೇಳ್ತಾರೇನ್ರಿ ಅತ್ತಿ?"

"ನೀ ಮಾಡಿದ್ದಽ ಅಲ್ಲಾ ಅದು?"

ಅತ್ತೆ ಚುಚ್ಚಬೇಕೆಂದು ಹೇಳಲಿಲ್ಲ. ಆದರೂ ಚುಚ್ಚಿತು. ಮರುದಿನ ಶಿರೋಳ ಸಾಹೇಬರ ಬಳಿ ಹೋಗಿ, ಎದೆಯುರಿ ಇಲ್ಲದವರಿಗೆ ಕದ ಹಾಕುವುದನ್ನು ನಿಲ್ಲಿಸಬೇಕೆಂದೆ. ಅವರು ಕುಂದಾ ತಿನ್ನುತ್ತಿದ್ದರು. ಬೆರಳು ನೆಕ್ಕಿಕೊಳ್ಳುತ್ತಲೇ, "ಮೇಡಂ, ಮಂದಿ ಸುಖಾ ಪಡೋದು ನಿಮಗ್ಯಾಕ ಹೊಟ್ಟಿಕಿಚ್ಚು?" ಎಂದರು.

ಇದಾಗಿ ಎರಡು ತಿಂಗಳಿಗೆ ಧರಣೇಂದ್ರನ ಸಹೋದ್ಯೋಗಿಯೊಬ್ಬರ ಮಗಳ ಆರತಕ್ಷತೆ ಇತ್ತು. ಅಂದು ನಿಯಂತ್ರಣ ಕೊಠಡಿಯಲ್ಲಿ ನನ್ನ ಪಾಳಿ. ಜೊತೆಗೆ ಪರದೆ ನೋಡುವ ಕೆಲಸದ ಮಕ್ತುಮ್ ಇದ್ದ. ಕದದ ಪಾಳಿ ರಾತ್ರಿಯದೇ ಆಗಿರುತ್ತದೆ. ಜನ ಮಲಗಿದ ಮೇಲೆ ಅವರ ಹೊಟ್ಟೆಗಳನ್ನು ಕಾಯುವುದು, ಎಷ್ಟು ಅಸಹ್ಯದ ಚಾಕರಿ ಎಂದು ಯೋಚಿಸಿ. ಪರದೆಯ ಮೇಲೆ ಮೂರು ಲಕ್ಷ ಚುಕ್ಕೆಗಳು. ಒತ್ತಡ ಏರಿದರೆ ಚುಕ್ಕೆ ಕೆಂಪಾಗುತ್ತದೆ.

ಒಂದೂಕಾಲಿಗೆ ಮಕ್ತುಮ್ ಕರೆದ. "ಮೇಡಂ, ಇಲ್ಲಿ ನೋಡ್ರಿ. ನಲವತ್ತೊಂದು ಒಮ್ಮಿಗೇ ಕೆಂಪಾಗ್ಯಾವು."

ಒಬ್ಬೊಬ್ಬರ ಮನೆ ಒಂದೊಂದು ಕಡೆ. ಆದರೆ ಹೆಸರುಗಳನ್ನು ತೆಗೆದು ನೋಡಿದರೆ ಅರ್ಧಕ್ಕರ್ಧ ಮಾಸ್ತರರು. ಹನ್ನೆರಡನೆಯ ಹೆಸರು ನನ್ನ ಗಂಡನದು. ಎಲ್ಲರೂ ಆ ಆರತಕ್ಷತೆಗೆ ಹೋದವರು; ಒಂದಿಬ್ಬರ ಮನೆಗೆ ಫೋನ್ ಮಾಡಿದಾಗ ಏನಾಗಿದೆ ಎಂದು ತಿಳಿಯಿತು. ಮಧ್ಯಾಹ್ನವೇ ಕಾಯಿಸಿಟ್ಟ ಬಾಸುಂದಿ ಸೆಕೆಗೆ ಕೆಟ್ಟಿತ್ತು, ಅದನ್ನು ಹನ್ನೊಂದೂವರೆಗೆ ಬಡಿಸಿದ್ದರು. ಕೆಟ್ಟದ್ದು ಹೊಟ್ಟೆಗೆ ಹೋದರೆ ದೇಹ ಹೊರಗೆ ಹಾಕುತ್ತದೆ, ಒಮ್ಮೆ ವಾಂತಿಯಾದರೆ ಮುಗಿಯಿತು. ಈ ನಲವತ್ತೊಂದು ಜನರ ದೇಹಗಳೂ ಅದನ್ನೇ ಮಾಡಲು ಹೊರಟಿದ್ದವು. ಹೊಟ್ಟೆ ಒತ್ತುತ್ತಿತ್ತು. ಒತ್ತಿದಷ್ಟೂ ನನ್ನ ಬಳೆ ಬಿಗಿಯುತ್ತಿತ್ತು.

ಅತ್ತೆಯ ಫೋನು ಬಂತು. "ತ್ರಿಶಲಾ, ಇಂವಾ ವಾಂತಿ ಬರವಲ್ದು ಅಂತ ಹೊರಳ್ಯಾಡಾಕತ್ತಾನ. ಹೊಟ್ಟಿ ಕಲ್ಲಾಗೇತಿ. ಮುಖಾ ನೀಲಿ ಆಗಾಕತ್ತೇತಿ."

"ಎಬ್ಬಿಸಿ ನಿಂದರಸ್ರಿ ಅತ್ತಿ."

"ನಿಂದರಸಿ ಹದಿನೈದು ನಿಮಿಷ ಆತು. ಏನೂ ಬಿಚ್ಚಿಲ್ಲ."

ಬಿಚ್ಚುವುದಿಲ್ಲ. ಒತ್ತಡ ಇರುವವರೆಗೆ ನಿಂತರೂ ಬಿಚ್ಚುವುದಿಲ್ಲ. ಆದರೆ ನನ್ನ ಅರವತ್ತೆರಡು ಜನರಲ್ಲಿ ಒಬ್ಬರಿಗೂ ಹೀಗೇಕೆ ಆಗಲಿಲ್ಲ? ಒಂದು ವರ್ಷದಲ್ಲಿ ಒಬ್ಬರಿಗಾದರೂ ಹೊಟ್ಟೆ ಕೆಡಲಿಲ್ಲವೇ? ಹಳೆಯ ಪರೀಕ್ಷೆಯ ರೇಖೆಗಳನ್ನು ತೆಗೆಯಲು ಮಕ್ತುಮ್‌ಗೆ ಹೇಳಿದೆ. ರಾತ್ರಿ ಹತ್ತರ ನಂತರದ ಒತ್ತಡದ ರೇಖೆ ಅರವತ್ತೆರಡರಲ್ಲೂ ನೆಲಕ್ಕಂಟಿತ್ತು. ಎಲ್ಲೋ ಒಂದು ಕೆಮ್ಮಿನ ಗೆರೆ, ಅಷ್ಟೇ.

ಮಕ್ತುಮ್ ಬಗ್ಗಿ ನೋಡಿದ. "ಮೇಡಂ, ಇವರೆಲ್ಲಾ ಉಪಾಸ ಇದ್ದರೇನ್ರಿ?"

"ಇಲ್ಲೋ. ಎಲ್ಲಾರೂ ಉಂಡಿದ್ದರು."

"ಎಷ್ಟಕ್ಕ?"

ನನ್ನ ಬಾಯಿಗೆ ಉತ್ತರ ಬಂತು, ಆಮೇಲೆ ಅದು ನನಗೇ ಕೇಳಿಸಿತು. "ಹೊತ್ತು ಮುಳುಗೂದ್ರಾಗ."

ನನ್ನ ಫಾರಂನಲ್ಲಿ ನಿದ್ದೆಯ ಬಗ್ಗೆ ಹನ್ನೊಂದು ಪ್ರಶ್ನೆಗಳಿದ್ದವು, ಉರಿಯ ಬಗ್ಗೆ ಒಂಬತ್ತು. ಎಷ್ಟು ಗಂಟೆಗೆ ಉಂಡಿರಿ ಎಂಬ ಒಂದು ಸಾಲು ಇರಲಿಲ್ಲ. ಕೇಳಬೇಕೆಂದು ಹೊಳೆದೇ ಇರಲಿಲ್ಲ. ನನ್ನ ತವರಿನಲ್ಲಿ, ಅತ್ತೆ ಮನೆಯಲ್ಲಿ, ನನಗೆ ಗೊತ್ತಿದ್ದ ಎಲ್ಲ ಮನೆಗಳಲ್ಲಿ ಆರಕ್ಕೆ ಊಟ ಮುಗಿದಿರುತ್ತದೆ, ಹತ್ತಕ್ಕೆ ಹೊಟ್ಟೆ ಬರಿದಾಗಿರುತ್ತದೆ. ಖಾಲಿ ಹೊಟ್ಟೆಗಳ ಮೇಲೆ ಒಂದು ವರ್ಷ ಪರೀಕ್ಷೆ ಮಾಡಿ, ತುಂಬಿದ ಹೊಟ್ಟೆಗಳ ಊರಿಗೆ ಕದ ಹಾಕಿದ್ದೆ. ಎರಡು ವರ್ಷದಿಂದ ಜನರ ಬಾಯಿಗೆ ಮೂಗು ಮುಚ್ಚಿಕೊಂಡು ತಿರುಗುತ್ತಿದ್ದ ನನಗೆ ಆಗ ನನ್ನ ಮೇಲೆ ಉಂಟಾದ ಹೇಸಿಗೆಯನ್ನು ಹೇಗೆ ಹೇಳಲಿ? ಮೇಜಿನ ಪಕ್ಕದ ಬುಟ್ಟಿಗೆ ಬಗ್ಗಿ ವಾಂತಿ ಮಾಡಿಕೊಂಡೆ. ನನಗೆ ಕದ ಇರಲಿಲ್ಲವಾದ್ದರಿಂದ ಸಲೀಸಾಗಿ ಬಂತು.

ಬಳೆ ಬಿಡಿಸಲು ಒಂದೇ ದಾರಿ ಇತ್ತು. ನನ್ನ ಗುಪ್ತ ಅಂಕಿ ಹಾಕಿದರೆ ಮಣಿಗಳು ತಮ್ಮ ಎಳೆತವನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತವೆ. ಆದರೆ ಆ ಅಂಕಿ ಎಲ್ಲ ಬಳೆಗಳಿಗೂ ಒಂದೇ. ಒಬ್ಬೊಬ್ಬರದನ್ನು ಬೇರೆಯಾಗಿ ಬಿಡಿಸುವ ವ್ಯವಸ್ಥೆಯನ್ನು ಬರುವ ವರ್ಷಕ್ಕೆಂದು ಮುಂದೆ ಹಾಕಿದ್ದೆವು. ನಲವತ್ತೊಂದನ್ನು ತೆರೆಯಬೇಕೆಂದರೆ ಮೂರು ಲಕ್ಷವನ್ನೂ ತೆರೆಯಬೇಕು, ಅವು ಮತ್ತೆ ಮುಚ್ಚುವುದಿಲ್ಲ. ಅಲ್ಲದೆ ಮಲಗಿದವರು ಮಲಗಿದಂತೆಯೇ ತೆರೆದರೆ, ಹೊಟ್ಟೆಯಲ್ಲಿದ್ದದ್ದು ಉಸಿರಿನ ನಾಳಕ್ಕೆ ನುಗ್ಗಿ ಉಸಿರುಗಟ್ಟಬಹುದು. ಮೊದಲು ಊರನ್ನೇ ಎಬ್ಬಿಸಿ ಕೂರಿಸಬೇಕು.

ಶಿರೋಳ ಸಾಹೇಬರಿಗೆ ಫೋನ್ ಮಾಡಿದೆ. ನಿದ್ದೆಗಣ್ಣಿನಲ್ಲೇ ಕೂಗಾಡಿದರು. "ನಲವತ್ತ ಮಂದಿ ಸಲುವಾಗಿ ಕಂಪನಿ ಮುಳುಗಿಸ್ತೀರೇನು? ದವಾಖಾನಿಗೆ ಹೋಗ್ರಿ ಅನ್ನ್ರಿ. ಕೈ ಹಚ್ಚಿದ್ರ ನಾಳೆ ನಿಮ್ಮನ್ನ ಜೇಲಿಗೆ ಹಾಕಸ್ತೀನಿ."

ಆಂಬುಲೆನ್ಸುಗಳಿಗೆ ಮಕ್ತುಮ್ ಆಗಲೇ ಹೇಳಿದ್ದ. ನಲವತ್ತೊಂದು ಮನೆಗೆ ಇದ್ದದ್ದು ಆರು ಗಾಡಿ. ನಾನು ಸಾಹೇಬರ ಫೋನು ಕತ್ತರಿಸಿದೆ. ಜೇಲಿಗೆ ನಾನು ಹೆದರಲಿಲ್ಲ. ನನ್ನ ಕೈ ತಡೆದದ್ದು ಬೇರೆ. ಮೂರು ಲಕ್ಷದಲ್ಲಿ ಒಂದು ಬಳೆ ಅತ್ತೆಯದು.

ಅವರಿಗೆ ಫೋನ್ ಮಾಡಿದೆ. "ಅತ್ತಿ, ನಾ ಈಗ ಎಲ್ಲಾರ ಕದಾನೂ ತೆಗೀತೀನಿ. ನಿಮ್ದೂ ಹೋಗತೈತಿ. ಮತ್ತ ಹಾಕಾಕ ಬರೂದಿಲ್ಲ."

"ಕೇಳ್ಕೊಂತ ಕುಂತಿ ಏನ ಹುಚ್ಚಿ? ತೆಗಿ."

"ಅವರನ್ನ ಮುಂದಕ ಬಗ್ಗಿಸಿ ಹಿಡೀರಿ. ನೀವೂ ಕುಂಡ್ರಿ."

ಮೂರು ಲಕ್ಷ ದಿಂಬುಗಳನ್ನು ಒಮ್ಮೆಲೇ ಕಿರುಚಿಸಿದೆ. ನನ್ನದೇ ದನಿಯಲ್ಲಿ, 'ಎದ್ದು ಕುಂಡ್ರಿ, ಪಕ್ಕದಾಗ ಮಲಗಿದವರನ್ನೂ ಎಬ್ಬಿಸ್ರಿ, ಮುಂದಕ ಬಗ್ಗಿ ಕುಂಡ್ರಿ' ಎಂದು ಮೇಲಿಂದ ಮೇಲೆ ಹೇಳಿದೆ. ಪರದೆಯಲ್ಲಿ ಅಡ್ಡಾಗಿದ್ದ ಚುಕ್ಕೆಗಳು ಒಂದೊಂದಾಗಿ ನೆಟ್ಟಗಾದವು. ಐದನೇ ಮಹಡಿಯ ಕಿಟಕಿಯಿಂದ ನೋಡಿದರೆ ಓಣಿ ಓಣಿಗಳಲ್ಲಿ ದೀಪಗಳು ಹತ್ತಿಕೊಳ್ಳುತ್ತಿದ್ದವು. ಏಳದೆ ಉಳಿದ ಕೆಲವರಿಗಾಗಿ ನಾಲ್ಕು ನಿಮಿಷ ಕಾದೆ. ಆ ನಾಲ್ಕು ನಿಮಿಷದಲ್ಲಿ ನಲವತ್ತೊಂದು ಕೆಂಪು ಚುಕ್ಕೆಗಳಲ್ಲಿ ಒಂದು ಆರಿಹೋಯಿತು. ಅದು ಯಾರದೆಂದು ನೋಡುವ ಧೈರ್ಯವಾಗಲಿಲ್ಲ. ಕೊನೆಯವರೂ ಕುಳಿತ ಮೇಲೆ ಅಂಕಿ ಹಾಕಿದೆ.

ಮೊದಲು ಸದ್ದು ಬಂತು. ಊರಿಗೆ ಊರೇ ತೇಗಿತು, ಕಾರಿತು, ಕೆಮ್ಮಿತು. ಅಂಗಳಗಳಲ್ಲಿ, ಬಚ್ಚಲುಗಳಲ್ಲಿ, ಬಾಲ್ಕನಿಗಳಿಂದ ಕೆಳಗೆ. ಆಮೇಲೆ ವಾಸನೆ ಮೇಲೇರಿ ಬಂತು. ಮಕ್ತುಮ್ ಕಿಟಕಿ ಮುಚ್ಚಲು ಹೋದ. ಬೇಡ ಎಂದೆ. ಅದು ನನ್ನದೇ ವಾಸನೆ, ನಾನು ಕುಡಿಯಬೇಕಾದದ್ದು.

ಮನೆಗೆ ಹೋದಾಗ ಪಡಸಾಲೆ ಪೂರ್ತಿ ಬಾಸುಂದಿ. ಧರಣೇಂದ್ರ ಗೋಡೆಗೆ ಒರಗಿದ್ದ, ಉಸಿರಾಡುತ್ತಿದ್ದ. ಅತ್ತೆ ಸೀರೆ ಮೊಣಕಾಲಿಗೆತ್ತಿ ನೆಲ ಬಳಿಯುತ್ತಿದ್ದರು. ನಾನು ಅವರ ಕೈಯಿಂದ ಅರಿವೆ ತೆಗೆದುಕೊಂಡೆ. ಹೇಸಿಗೆಯಾಗಲಿಲ್ಲ ಎಂದರೆ ಸುಳ್ಳು. ಬಹಳ ಆಯಿತು. ಆದರೂ ಬಳಿದೆ.

ನಲವತ್ತು ಜನ ಉಳಿದರು. ಆರಿಹೋದ ಚುಕ್ಕೆ ಮದುಮಗಳ ಸೋದರಮಾವನದು. ಅವರ ಜಠರ ಹರಿದಿತ್ತು. ನಾನು ತನಿಖಾ ಸಮಿತಿಯ ಮುಂದೆ ಹೋಗಿ, ಊಟದ ಹೊತ್ತು ಕೇಳದ ನನ್ನ ಪರೀಕ್ಷೆಯೇ ತಪ್ಪು, ಬಿಗಿಯುವ ನಿಯಮ ಬರೆದವಳು ನಾನು ಎಂದು ಬರೆದುಕೊಟ್ಟೆ. ಕಂಪನಿಗೆ ಬೀಗ ಬಿತ್ತು. ಮೂರನೆಯ ದಿನ ಕಂಪನಿಯ ಮುಂದೆ ಜನ ಸೇರಿದ್ದಾರೆಂದು ತಿಳಿದು, ಸತ್ತವರ ಕಡೆಯವರಿರಬೇಕೆಂದು ತಲೆ ಬಾಗಿಸಿ ಹೋದೆ. ಅವರಲ್ಲ. ಕೈಯಲ್ಲಿ ಹಲಗೆ ಹಿಡಿದು ಕೂಗುತ್ತಿದ್ದರು: 'ನಮ್ಮ ಕದ ನಮಗ ಕೊಡ್ರಿ.' ಒಬ್ಬಾಕೆ ನನ್ನ ತೋಳು ಹಿಡಿದು, "ನಿಮಗ ಯಾರ್ ಹೇಳಿದ್ರು ನಂದು ತೆಗೀರಿ ಅಂತ? ನಾನೇನ್ ಬಾಸುಂದಿ ತಿಂದಿದ್ನಾ?" ಎಂದಳು.

ಇತ್ತ ಅತ್ತೆಯ ಎದೆ ಮತ್ತೆ ಉರಿಯತೊಡಗಿತು. ಮೊದಲಿಗಿಂತ ಹೆಚ್ಚು. ಅನ್ನನಾಳದಲ್ಲಿ ಹುಣ್ಣಾಗಿದೆ, ಹೀಗೇ ಬಿಟ್ಟರೆ ಕಷ್ಟ ಎಂದರು ಡಾಕ್ಟರು. ನನ್ನ ಪ್ರಯೋಗಾಲಯದಲ್ಲಿ ಹಳೆಯ ಮಾದರಿಯ ಒಂದೇ ಒಂದು ಬಳೆ ಉಳಿದಿತ್ತು. ಬಿಗಿಯುವ ನಿಯಮವಿಲ್ಲದ್ದು, ಜೋರಾಗಿ ಒತ್ತಿದರೆ ತಾನೇ ಬಿಚ್ಚಿಕೊಳ್ಳುವಂಥದ್ದು. ಸಮಿತಿಯ ವೈದ್ಯರು ಅದನ್ನು ನೋಡಿ, ಬೇರೆ ಯಾವ ಉಪಾಯವೂ ಇಲ್ಲದ ಒಬ್ಬ ರೋಗಿಗೆ ಹಾಕಬಹುದು, ಹೆಸರನ್ನು ನೀವೇ ಬರೆದುಕೊಡಿ ಎಂದರು.

ಮನೆಗೆ ಬಂದು ಇದನ್ನು ಹೇಳಿದೆ. ಅತ್ತೆ ಮೂಲೆಯಲ್ಲಿ ಕುಳಿತಿದ್ದರು, ಮೂರು ವಾರದಿಂದ ಬೆನ್ನು ನೆಲಕ್ಕೆ ತಾಗಿಸಿರಲಿಲ್ಲ. ಧರಣೇಂದ್ರ ಗಂಜಿ ಕುಡಿಯುತ್ತಿದ್ದವನು ಬಟ್ಟಲು ಕೆಳಗಿಟ್ಟ.

"ನನ್ನ ಹೆಸರು ಬರಿ," ಎಂದ.

ತಮಾಷೆ ಎಂದುಕೊಂಡೆ. ಅವನ ಮುಖ ನೋಡಿದೆ. ತಮಾಷೆಯಲ್ಲ.

"ಏನ್ ಮಾತಾಡಾಕತ್ತೀರಿ? ನಿಮಗೆಲ್ಲೈತಿ ಎದಿ ಉರಿ?"

"ಈಗ ಬರಾಕತ್ತೇತಿ. ರಾತ್ರಿ ಉಂಡ್ರ ಸುಡತೈತಿ. ನಿನಗೇನ್ ಗೊತ್ತು ಅದು?" ಎಂದ. ಸಾವಿನ ಬಾಯಿಂದ ಹಿಂದಿರುಗಿ ತಿಂಗಳಾಗಿರಲಿಲ್ಲ, ಆಗಲೇ ಕದ್ದು ತಿಂದಿದ್ದ.

ಮೂಲೆಯಿಂದ ಅತ್ತೆ ಹೇಳಿದರು, "ಅವನಿಗೇ ಕೊಡ ಯವ್ವಾ. ನನಗೇನು, ಕುಂತ ಮಲಗಿ ರೂಢಿ ಐತಿ."

ಊರಿನ ತೇಗು ಕೇಳಿದ್ದೆ, ವಾಂತಿ ಬಳಿದಿದ್ದೆ. ತಾಯಿ ಆ ಮಾತು ಹೇಳಿದಾಗ ಇವನು 'ಬೇಡವ್ವಾ' ಎನ್ನಲಿಲ್ಲವಲ್ಲ, ಅಷ್ಟು ಹೇಸಿಗೆಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವನು ನನ್ನ ಕಡೆ ನೋಡುತ್ತ ಕುಳಿತಿದ್ದ, ಇನ್ನೇನು ಬರೆಯುತ್ತಾಳೆ ಎಂದು.

ಮರುದಿನ ಬೆಳಿಗ್ಗೆ ಅತ್ತೆಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಅವರು ದಾರಿಯುದ್ದಕ್ಕೂ ಬೇಡವೆಂದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಎಂದು ಮನೆಯವರೊಬ್ಬರ ಸಹಿ ಬೇಕೆಂದರು. ಸೊಸೆಯ ಸಹಿಯೂ ನಡೆಯುತ್ತದೆ ಎಂದು ನರ್ಸ್ ಹೇಳಿದರೂ ಕೇಳದೆ ಶಾಲೆಗೆ ಫೋನ್ ಮಾಡಿ ಅವನನ್ನೇ ಕರೆಸಿದೆ.

ಅವನು ಬಂದ. ಸ್ಟ್ರೆಚರಿನ ಮೇಲೆ ಎರಡು ದಿಂಬಿಗೆ ಒರಗಿ ಕುಳಿತಿದ್ದ ತಾಯಿ ಇವನನ್ನು ಕಂಡು, ಉಂಡು ಬಂದೆಯಾ ಎಂದು ಕೇಳಿದರು. ಅವನು ನರ್ಸ್ ಕೈಯಿಂದ ಕಾಗದ ತೆಗೆದುಕೊಂಡ. ಪೆನ್ನು ಹಿಡಿದುಕೊಂಡು ನನ್ನ ಕಿವಿಯ ಹತ್ತಿರ ಬಂದು, "ಹಂಗಾದ್ರ ನನಗೇನು?" ಎಂದ.

"ನೀವು ಹೊತ್ತಿರೂದ್ರಾಗ ಉಣ್ಣ್ರಿ," ಎಂದೆ. "ಸಹಿ ಮಾಡ್ರಿ."

ಒಳಗಿನಿಂದ ಡಾಕ್ಟರು ಕರೆಯುತ್ತಿದ್ದರು. ಅವನು ಕಾಗದವನ್ನು ಗೋಡೆಗೆ ಹಿಡಿದು ಸಹಿ ಮಾಡಿದ.